ಎಕ್ಸ್‌ನರ್ ಎಳೆದ ಗೆರೆ

ಅಮೆರಿಕದ ಕಾರು ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ಹೆಸರೆತ್ತಿದರೆ ಎಲ್ಲರ ಕಣ್ಣೂ ನೇರ ಕಾರಿನ ಹಿಂಬದಿಯ ರೆಕ್ಕೆಗಳಿಗೆ ಹೋಗುತ್ತದೆ. 1957ರ ಕ್ರೈಸ್ಲರ್ 300ಸಿ ಕಾರನ್ನು ಪಕ್ಕದಿಂದ ನೋಡಬೇಕು. ಮುಂದಿನ ದೀಪದಿಂದ ಹೊರಟ ಗೆರೆ ಬಾಗಿಲುದ್ದಕ್ಕೂ ಸಮವಾಗಿ ಸಾಗಿ, ಆಮೇಲೆ ಮೆಲ್ಲಗೆ ಏರುತ್ತ ಎತ್ತರದ ಕೆಂಪು ದೀಪದಲ್ಲಿ ಮುಗಿಯುತ್ತದೆ. ನಡುವೆ ಎಲ್ಲೂ ತಡವರಿಕೆಯಿಲ್ಲ. ರೆಕ್ಕೆಯನ್ನು ತಂದು ಅಂಟಿಸಿದಂತೆ ಕಾಣುವ ಕಾರುಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು. ಇಲ್ಲಿ ರೆಕ್ಕೆ ಕಾರಿನ ಮೈಯೊಳಗಿಂದಲೇ ಬೆಳೆದಿದೆ.

ಗೆರೆಯ ಮೇಲಿನ ಈ ಹಿಡಿತ ಎಕ್ಸ್‌ನರ್‌ಗೆ ಕುಂಚದಿಂದ ಬಂದದ್ದು. 1909ರಲ್ಲಿ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಹುಟ್ಟಿದವನು, ನೋಟರ್‌ಡೇಮ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಕಲಿಯುತ್ತಿದ್ದಾಗ ದುಡ್ಡು ಸಾಲದೆ ಓದು ಬಿಟ್ಟ. ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಕಂಪನಿಯ ಜಾಹೀರಾತುಗಳಿಗೆ ಚಿತ್ರ ಬರೆದ. ಮೂವತ್ತು ತುಂಬುವ ಮೊದಲೇ ಜನರಲ್ ಮೋಟರ್ಸ್‌ನಲ್ಲಿ ಪಾಂಟಿಯಾಕ್ ಕಾರುಗಳ ವಿನ್ಯಾಸದ ಹೊಣೆ ಹೊತ್ತ. ಮುಂದೆ ವಿನ್ಯಾಸಕಾರ ರೇಮಂಡ್ ಲೋವಿಯ ಸಂಸ್ಥೆ ಸೇರಿ, ಅಲ್ಲಿ ಮನಸ್ತಾಪವಾಗಿ ಹೊರಬಿದ್ದ. ಅವನು ರೂಪಿಸಿದ 1947ರ ಸ್ಟುಡಿಬೇಕರ್‌ನ ಕೀರ್ತಿ ಬಹುಕಾಲ ಲೋವಿಯ ಪಾಲಾಯಿತು. ಅದು ಅನ್ಯಾಯ.

1949ರಲ್ಲಿ ಕ್ರೈಸ್ಲರ್ ಸೇರಿದಾಗ ಕಂಪನಿಯ ಮುಖ್ಯಸ್ಥ ಕೆ.ಟಿ. ಕೆಲ್ಲರ್‌ಗೆ ಟೋಪಿ ತೆಗೆಯದೆ ಕೂರಬಹುದಾದ ಎತ್ತರದ ಕಾರುಗಳೇ ಇಷ್ಟ. ಎಕ್ಸ್‌ನರ್ ವಾದಕ್ಕೆ ಇಳಿಯುವ ಬದಲು ಇಟಲಿಯ ಟ್ಯೂರಿನ್‌ನ ಗಿಯಾ ಕಮ್ಮಟದಲ್ಲಿ ಕೆ-310ರಂಥ ಮಾದರಿ ಕಾರುಗಳನ್ನು ಕಟ್ಟಿಸಿ ತಂದು ತೋರಿಸಿದ. 1957ರ ಸಾಲಿನ ತಗ್ಗು ಕಾರುಗಳಿಗೆ ದಾರಿಯಾದದ್ದು ಹೀಗೆ. ಕ್ರೈಸ್ಲರ್‌ನದೇ ಪ್ಲಿಮತ್ ಕಾರಿನ ಜಾಹೀರಾತು 1960 ಆಗಲೇ ಬಂದುಬಿಟ್ಟಿದೆ ಎಂದು ಸಾರಿತು. ಆ ಕಾರುಗಳನ್ನು ಬೇಲಿಯಾಚೆಯಿಂದ ಕಂಡ ಜನರಲ್ ಮೋಟರ್ಸ್‌ನ ವಿನ್ಯಾಸಕಾರರು 1959ಕ್ಕೆಂದು ಹಾಕಿಕೊಂಡಿದ್ದ ತಮ್ಮ ನಕ್ಷೆಗಳನ್ನೇ ಬದಿಗಿಟ್ಟು ಹೊಸದಾಗಿ ಶುರುಮಾಡಿದರು. ಎಕ್ಸ್‌ನರ್‌ನ ಕೆಲಸಕ್ಕೆ ಎದುರಾಳಿಗಳಿಂದ ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿಲ್ಲ.

ಆದರೆ ಆ ಚೆಲುವನ್ನು ಹೊತ್ತ ತಗಡು ಬೇಗ ತುಕ್ಕು ಹಿಡಿಯಿತು, ಒಳಗೆ ಮಳೆನೀರು ಸೋರಿತು. ಕಾರುಗಳನ್ನು ತರಾತುರಿಯಲ್ಲಿ ಮಾರುಕಟ್ಟೆಗೆ ತಂದದ್ದಕ್ಕೆ ವಿನ್ಯಾಸಕಾರನನ್ನು ದೂರುವುದು ಸರಿಯಲ್ಲ. ರೆಕ್ಕೆಗಳಿಂದ ವೇಗದಲ್ಲಿ ಕಾರು ಸ್ಥಿರವಾಗಿರುತ್ತದೆ ಎಂಬ ಸಮರ್ಥನೆಯನ್ನು ಮಾತ್ರ ನಾನು ಒಪ್ಪಲಾರೆ. ಊರೊಳಗೆ ದಿನನಿತ್ಯ ಓಡುವ ಕಾರಿಗೆ ಅದರಿಂದ ಆಗುವ ಉಪಕಾರ ಏನೂ ಇಲ್ಲ. ಆ ಗೆರೆ ಸುಂದರವಾಗಿತ್ತು. ಅಷ್ಟೇ ಸಾಕಿತ್ತು.

ಅವನು ನಿಜವಾಗಿ ಎಡವಿದ್ದು ಹಳೆಯ ಕಾರುಗಳ ಮೋಹದಲ್ಲಿ. 1960ರ ವೇಲಿಯಂಟ್‌ನ ಡಿಕ್ಕಿಯ ಮುಚ್ಚಳದ ಮೇಲೆ ಸ್ಟೆಪ್ನಿ ಇದ್ದಂತೆ ಒಂದು ದುಂಡು ಉಬ್ಬು ಒತ್ತಿಸಿದ. 1961ರ ಇಂಪೀರಿಯಲ್‌ಗೆ ಮೂವತ್ತರ ದಶಕದ ಕಾರುಗಳಂತೆ ಬಿಡಿಬಿಡಿಯಾಗಿ ನಿಂತ ದೀಪಗಳನ್ನು ಕೊಟ್ಟ. ಕ್ರೈಸ್ಲರ್ ಬಿಟ್ಟ ಮೇಲೆ ವಿನ್ಯಾಸ ಮಾಡಿದ ಸ್ಟುಟ್ಜ್ ಬ್ಲ್ಯಾಕ್‌ಹಾಕ್‌ನ ಮೊದಲ ಗಿರಾಕಿಗಳಲ್ಲಿ ಎಲ್ವಿಸ್ ಪ್ರೀಸ್ಲಿಯೂ ಇದ್ದ. ಅದರಲ್ಲಿ ನನಗೆ ಕಾಣುವುದು ಮೈತುಂಬ ಒಡವೆ ಮಾತ್ರ.

ಎಕ್ಸ್‌ನರ್‌ನನ್ನು ಅಳೆಯುವುದಾದರೆ 1960ರಲ್ಲಿ ಗಿಯಾ ಕಟ್ಟಿದ ಒಂದೇ ಒಂದು ಎಕ್ಸ್‌ಎನ್‌ಆರ್ ಕಾರಿನಿಂದ ಅಳೆಯಬೇಕು. ಅದು ಅವನ ಹೆಸರನ್ನೇ ಹೊತ್ತ ಕಾರು. ಎಡ ಬಲ ಒಂದೇ ತರ ಇರಬೇಕೆಂಬ ನಿಯಮವನ್ನು ಅಲ್ಲಿ ಅವನು ಪೂರ್ತಿ ಕೈಬಿಟ್ಟಿದ್ದಾನೆ. ಬಾನೆಟ್ಟಿನ ಎಡಭಾಗದಲ್ಲಿ ಎದ್ದ ಉಬ್ಬು ಚಾಲಕನ ಮುಂದಿನ ಗಾಜಿನತ್ತ ಬರುತ್ತದೆ. ಚಾಲಕನ ತಲೆಯ ಹಿಂದೆ ಅದೇ ಸಾಲಿನಲ್ಲಿ ಒಂಟಿ ರೆಕ್ಕೆ ಎದ್ದು ಬಾಲದವರೆಗೆ ಓಡುತ್ತದೆ. ಪಕ್ಕದ ಸೀಟು ತಗ್ಗಿನಲ್ಲಿದೆ, ಬೇಡವಾದಾಗ ಮುಚ್ಚಿಬಿಡಬಹುದು. ಆ ಬದಿಯಲ್ಲಿ ರೆಕ್ಕೆಯೂ ಇಲ್ಲ.