ಮುಪ್ಪು, ಭಕ್ತಿ ಮತ್ತು ಮೂಕಜ್ಜಿ

ಇಳಿವಯಸ್ಸಿನಲ್ಲಿ ಅಧ್ಯಾತ್ಮವಿದ್ದರೆ ಆರೋಗ್ಯವೂ ತಾನಾಗಿ ಬರುತ್ತದೆಂಬ ಮಾತು ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಜಪದಿಂದ ರಕ್ತದೊತ್ತಡ ಇಳಿಯುತ್ತದೆ, ಭಜನೆಯಿಂದ ನಿದ್ದೆ ಬರುತ್ತದೆ ಎಂದು ವೃದ್ಧರಿಗೆ ಉಪದೇಶಿಸುವವರಿಗೆ ಕೊರತೆಯಿಲ್ಲ. ನಾಲ್ವರೊಡನೆ ಕುಳಿತು ಹಾಡಿದರೆ ಮನಸ್ಸು ಹಗುರವಾಗುವುದು ನಿಜ. ಆದರೆ ಈ ಉಪದೇಶಕ್ಕೆ ಇನ್ನೊಂದು ಮುಖವಿದೆ: ಮಂಡಿನೋವಿನಿಂದ ಹಾಸಿಗೆ ಹಿಡಿದ ಮುದುಕಿ, ತನ್ನ ಭಕ್ತಿಯಲ್ಲೇ ಏನೋ ಕುಂದಿರಬೇಕೆಂದು ಕೊರಗಬೇಕಾಗುತ್ತದೆ. ಈ ಕೊರಗಿಗೆ ನಮ್ಮ ಸಾಹಿತ್ಯದಲ್ಲಿ ಆಧಾರವುಂಟೇ?

12ನೆಯ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದನ್ನು ನೆನೆಯಬಹುದು. ಕೂದಲು ನರೆತು, ಬೆನ್ನು ಬಾಗಿ, ಕೋಲು ಕೈಗೆ ಬರುವ ಮುನ್ನವೇ ದೇವರನ್ನು ಪೂಜಿಸೆಂಬುದು ಅದರ ತಾತ್ಪರ್ಯ. ಆರೋಗ್ಯವು ಅಲ್ಲಿ ಪೂಜೆಯ ಮೂಲಧನ. ಪೂಜೆಯಿಂದ ಬರುವ ಬಡ್ಡಿಯೆಂದು ವಚನಕಾರರು ಅಲ್ಲಿ ಹೇಳಿಲ್ಲ. ಮುಪ್ಪಿನ ಲಕ್ಷಣಗಳ ನಡುವೆ ಪರರ ಹಂಗಿಗೆ ಬೀಳುವುದನ್ನೂ ಅವರು ಎಣಿಸಿರುವುದು ಗಮನಾರ್ಹ. ವೃದ್ಧರಿಗೆ ಅನೇಕ ವೇಳೆ ರೋಗಕ್ಕಿಂತ ಹೆಚ್ಚಿನ ಭಯ ಅದೇ. ಭಕ್ತನ ಮೈ ಸವೆಯುವುದಿಲ್ಲವೆಂಬ ಹುಸಿ ಭರವಸೆ ಅಲ್ಲಿಲ್ಲ. ಆದರೂ ಅದು ಮೈಯಲ್ಲಿ ಕಸುವುಳ್ಳವರಿಗೆ ಹೇಳಿದ ಎಚ್ಚರಿಕೆ. ಕೋಲು ಹಿಡಿದಾಗಿರುವವರಿಗೆ ಏನು ಹೇಳೋಣ?

ಇದಕ್ಕೆ ಒಂದು ಬಗೆಯ ಉತ್ತರ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿದೆ. 1968ರಲ್ಲಿ ಪ್ರಕಟವಾದ ಈ ಕೃತಿಯ ಕರ್ತೃವಿಗೆ 1977ರ ಜ್ಞಾನಪೀಠ ಪ್ರಶಸ್ತಿ ಸಂದಿತು. ಬಾಲ್ಯದಲ್ಲೇ ವಿಧವೆಯಾದ ಮೂಕಜ್ಜಿ ಹಣ್ಣುಮುದುಕಿ. ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುವನ್ನು ಕೈಯಲ್ಲಿ ಹಿಡಿದರೆ ಆಕೆಗೆ ಗತಕಾಲ ಕಣ್ಣಿಗೆ ಕಟ್ಟುತ್ತದೆ. ದೇವರುಗಳ ವಿಷಯದಲ್ಲಿ ಆಕೆ ಪ್ರಶ್ನೆಗಳನ್ನೆತ್ತುತ್ತಾಳೆ. ತಾನು ಕಾಣದ ಸಂಸಾರಸುಖವನ್ನು ಹಳಿಯುವುದಿಲ್ಲ. ತನಗೆ ದಕ್ಕದ್ದನ್ನು ಹೀನವೆನ್ನದಿರುವ ಈ ನಿರ್ಮತ್ಸರವೇ ಅವಳ ಅಧ್ಯಾತ್ಮ. ಅದನ್ನೇ ಮನಸ್ಸಿನ ಆರೋಗ್ಯವೆಂದರೂ ತಪ್ಪಾಗದು.

ಕೃತಿಯಲ್ಲಿ ಕೊರತೆಯೂ ಇಲ್ಲದಿಲ್ಲ. ಅಜ್ಜಿಯ ಬಾಯಲ್ಲಿ ಹಲವೆಡೆ ಕಾರಂತರ ವಿಚಾರವಾದವೇ ಮಾತನಾಡುತ್ತದೆ. ಅವಳ ದರ್ಶನಕ್ಕೆ ದೊರೆತಷ್ಟು ಎಡೆ ಅವಳ ಮುದಿಮೈಯ ಬೇನೆಗೆ ದೊರೆತಿಲ್ಲ. ನೋಯುವ ಮೈಯೊಳಗೇ ಆ ಕಣ್ಣು ತೆರೆದಿದ್ದರೆ ಪಾತ್ರ ಇನ್ನೂ ನಮ್ಮದೆನಿಸುತ್ತಿತ್ತು. ಮುಪ್ಪಿನ ಮೈಯನ್ನು ವಚನ ಕಂಡಷ್ಟು ನಿಚ್ಚಳವಾಗಿ ಕಾದಂಬರಿ ಕಂಡಿಲ್ಲ. ಮುಪ್ಪಿನ ಮನಸ್ಸನ್ನು ಕಾದಂಬರಿ ಕಂಡಷ್ಟು ದೂರ ಆ ವಚನ ಹೋಗಿಲ್ಲ.

ಎರಡನ್ನೂ ಜೊತೆಗಿಟ್ಟು ಓದಿದರೆ ದೊರೆಯುವ ವಿವೇಕ ಸರಳವಾದದ್ದು. ಮೈ ಸವೆಯುವುದು ಪಾಪದ ಫಲವಲ್ಲ. ಅದಕ್ಕೆ ವೈದ್ಯನ ಆರೈಕೆ ಬೇಕು. ಭಕ್ತಿಯಿದ್ದವರಿಗೆ ಭಕ್ತಿ ಇರಲಿ. ಆದರೆ ಅದರಿಂದ ಮಾತ್ರೆಯ ಕೆಲಸವನ್ನು ಮಾಡಿಸುವುದು ಬೇಡ. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಅಜ್ಜಿಯ ಕಾಣ್ಕೆ ನಮ್ಮವರೆಗೆ ಬಂದದ್ದು ಸುಬ್ಬರಾಯ ಅವಳ ಬಳಿ ಕುಳಿತು ಕೇಳಿದ್ದರಿಂದ. ಮನೆಯ ಹಿರಿಯರಿಗೆ ಜಪಮಾಲೆ ತಂದುಕೊಡುವುದು ಸುಲಭ. ಅವರ ಮಾತಿಗೆ ಒಂದು ಗಳಿಗೆ ಕಿವಿಗೊಡುವುದು ಕಷ್ಟ. ಕಾದಂಬರಿಯನ್ನು ಮುಚ್ಚಿಟ್ಟ ಮೇಲೂ ಉಳಿಯುವವನು ಕೇಳುತ್ತ ಕುಳಿತ ಆ ಮೊಮ್ಮಗ.