ಐರ್ಲೆಂಡಿನ ನಿಧಿಕಥೆಗಳಲ್ಲಿ ಫಲಾಗಮವಿಚಾರ

ಐರ್ಲೆಂಡಿನ ಜಾನಪದ ಆಯೋಗವು 1935ರಲ್ಲಿ ಸ್ಥಾಪಿತವಾಯಿತು. ಅದರ ಪ್ರೇರಣೆಯಿಂದ 1937ರಿಂದ 1939ರ ವರೆಗೆ 26 ಜಿಲ್ಲೆಗಳ ಸುಮಾರು 5,000 ಪ್ರಾಥಮಿಕ ಪಾಠಶಾಲೆಗಳ ಮಕ್ಕಳು ಹಿರಿಯರಿಂದ ಕೇಳಿದ ಸಂಗತಿಗಳನ್ನು ಬರೆದಿಟ್ಟರು. ಹೂತಿಟ್ಟ ನಿಧಿಯೂ ಅವರಿಗೆ ಕೊಟ್ಟ ವಿಷಯಗಳಲ್ಲೊಂದು. ಆ ಬರಹಗಳಲ್ಲಿ ಓದುಗನಿಗೆ ಮೊದಲು ತೋರುವ ದೋಷವೆಂದರೆ, ಕಥೆಗಳು ಅರ್ಧಕ್ಕೇ ನಿಂತಂತಿರುವುದು. ಇದು ನಿಜವಾಗಿ ದೋಷವೆ ಎಂಬುದೇ ಪ್ರಕೃತ ವಿಚಾರ.

ಕಥಾಶರೀರವು ಬಹುಮಟ್ಟಿಗೆ ಒಂದೇ. 'ಲಿಸ್' ಅಥವಾ 'ರಾಥ್' ಎಂಬ ಪ್ರಾಚೀನ ಮಣ್ಣುಕೋಟೆಯ ದಿಣ್ಣೆಯಲ್ಲಿ ಡೇನರು ಚಿನ್ನವನ್ನು ಹೂತುಹೋದರು, ಒಬ್ಬನಿಗೆ ಮೂರು ರಾತ್ರಿ ಒಂದೇ ಕನಸು ಬಿದ್ದಿತು, ಅಗೆದನು, ಚಪ್ಪಡಿ ಕಂಡಿತು, ಅಷ್ಟರಲ್ಲಿ ಕರಿಯ ಬೆಕ್ಕೋ ಗೂಳಿಯೋ ಎದ್ದುಬಂದಿತು, ಇಲ್ಲವೆ ತನ್ನ ಮನೆಯೇ ಉರಿಯುತ್ತಿರುವಂತೆ ತೋರಿತು, ಅವನು ಓಡಿದನು.

ನಮ್ಮ ಲಾಕ್ಷಣಿಕರು ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮವೆಂದು ಐದು ಅವಸ್ಥೆಗಳನ್ನು ಹೇಳಿದ್ದಾರೆ. ಈ ಐತಿಹ್ಯವು ಮೂರನೆಯದರಲ್ಲಿಯೇ ಮುಗಿಯುತ್ತದೆ. ರೂಪಕದ ಅಳತೆಯನ್ನು ಹಿಡಿದರೆ ಇದು ನ್ಯೂನತೆಯೇ ಸರಿ. ಆದರೆ ಫಲಾಗಮವುಳ್ಳ ಕಥೆಯೂ ಅದೇ ದೇಶದಲ್ಲುಂಟು. ಕನಸು ಕಂಡವನು ದೂರದ ಸೇತುವೆಗೆ ಹೋಗಿ, ಅಲ್ಲಿ ಅಪರಿಚಿತನೊಬ್ಬನು ಹೇಳಿದ ಕನಸಿನಿಂದ ನಿಧಿಯು ತನ್ನ ಮನೆಯಲ್ಲಿಯೇ ಇರುವುದನ್ನರಿತು, ಹಿಂದಿರುಗಿ ಪಡೆಯುತ್ತಾನೆ. ಇದೇ ಕಥೆ ಇಂಗ್ಲೆಂಡಿನ ಸ್ವಾಫಮ್ ಊರಿನಲ್ಲಿಯೂ, ಸೇತುವೆಯಿಲ್ಲದೆ, ಬಾಗ್ದಾದು ಕೈರೋಗಳ ಹೆಸರಿನಲ್ಲಿ ರೂಮಿಯ 'ಮಸ್ನವಿ'ಯಲ್ಲಿಯೂ ಇದೆ. ಫಲ ದೊರೆತ ಕಥೆಯು ದೇಶದೇಶಗಳನ್ನು ಸುತ್ತಿತು. ದೊರೆಯದ ಕಥೆಯ ಅಚ್ಚು ಎಲ್ಲೆಡೆಯೂ ಒಂದೇ ಆದರೂ, ಪ್ರತಿಯೊಂದು ಊರೂ ಅದನ್ನು ತನ್ನ ದಿಣ್ಣೆಗೇ ಕಟ್ಟಿಹಾಕಿತು.

ಇವು ಚರಿತ್ರೆಯ ನೆನಪುಗಳೆಂಬ ವಾದವು ನಿಲ್ಲದು. ಆ ಕೋಟೆಗಳಲ್ಲಿ ಬಹುಪಾಲು ಡೇನರು ಕಟ್ಟಿದುವಲ್ಲ, ಐರಿಷ್ ಒಕ್ಕಲಿಗರ ಹಳೆಯ ವಸತಿಗಳು. 1868ರಲ್ಲಿ ಲಿಮೆರಿಕ್ ಜಿಲ್ಲೆಯ ಆರ್ಡಾ ಬಳಿಯ ರಾಥ್‌ನಲ್ಲಿ ಆಲೂಗಡ್ಡೆ ಅಗೆಯುವಾಗ ಬೆಳ್ಳಿಯ ಪಾತ್ರೆಯೊಂದು ಸಿಕ್ಕಿತು. ಅದೂ ಡೇನರದಲ್ಲ, ಎಂಟನೆಯ ಶತಮಾನದ ಐರಿಷ್ ಕುಶಲರು ಮಾಡಿದ ಕ್ರೈಸ್ತ ಪೂಜಾಪಾತ್ರೆ.

ಹಾಗಾದರೆ ಐತಿಹ್ಯದ ಸತ್ಯವೆಲ್ಲಿ? ನಿಧಿಯನ್ನು ತೆಗೆದರೆ ದಿಣ್ಣೆಯು ಬರಿಯ ಮಣ್ಣು. ತೆಗೆಯದಿರುವುದರಿಂದಲೇ ಹೇಳುವವನು ಇಂದಿಗೂ ಅದರತ್ತ ಬೆರಳು ತೋರಬಲ್ಲನು. ಆ ಅಂಜಿಕೆಯಿಂದಲೇ ಎಷ್ಟೋ ಕೋಟೆಗಳು ನೇಗಿಲಿಗೆ ಸಿಕ್ಕದೆ ಉಳಿದಿವೆ. ಇಲ್ಲಿ ಫಲಾಭಾವವೇ ಫಲ. ಆದುದರಿಂದ ಇಂಥ ಬರಹಗಳನ್ನು ಪಾಠಕ್ಕೆ ಆರಿಸುವವರು ನೀತಿಯನ್ನಾಗಲಿ ಮುಕ್ತಾಯವನ್ನಾಗಲಿ ತಾವಾಗಿ ಸೇರಿಸದಿರುವುದು ಯುಕ್ತ. ಮಗು ನಿಲ್ಲಿಸಿದ ಕಡೆಯಲ್ಲಿಯೇ ಕಥೆಯು ಪೂರ್ಣವಾಗಿದೆ.