ನೆರಳು ಮತ್ತು ಬೇರು: ಕೊಡಗಿನ ಕಾಫಿಯ ಚರಿತ್ರೆಯಲ್ಲಿ ಒಂದು ಕೊರತೆ

ಕುಶಾಲನಗರವು ಕೊಡಗಿನ ಪೂರ್ವದ ಹೆಬ್ಬಾಗಿಲು. ಇಂಗ್ಲಿಷರ ಆಳ್ವಿಕೆಯಲ್ಲಿ ಫ್ರೇಜರ್‌ಪೇಟೆಯೆನಿಸಿದ್ದ ಈ ಊರಿನಿಂದ ಪಶ್ಚಿಮಕ್ಕೆ ಸಾಗಿದಂತೆ ಬಯಲು ಮುಗಿದು ಕಾಫಿಯ ತೋಟಗಳು ತೊಡಗುತ್ತವೆ. ಆ ತೋಟಗಳ ಚರಿತ್ರೆಯನ್ನು ನಿರೂಪಿಸುವ ಬರಹಗಳಲ್ಲಿ ತೋಟಗಾರರಿಗೂ ಬೆಲೆ, ಕೂಲಿ, ಕಂದಾಯಗಳಿಗೂ ಯಥೋಚಿತ ಸ್ಥಾನ ದೊರೆತಿದೆ. ಮಣ್ಣಿಗೆ ದೊರೆತಿರುವುದು ಅತ್ಯಲ್ಪ. ಈ ಕೊರತೆಯನ್ನು ಒಂದು ದಾಖಲೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದನು. ಅವನ ಹಿಂದೆ ಬಂದ ಅನೇಕರು ಕಾಡನ್ನು ಕಡಿದು ಸುಟ್ಟು, ಬಯಲು ಬಿಸಿಲಿನಲ್ಲಿಯೇ ಕಾಫಿಯನ್ನು ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ತೋಟಗಳು ನಾಶವಾಗತೊಡಗಿದವು. ಈ ವಿಪತ್ತನ್ನು ಪರಿಶೀಲಿಸಿ ಮದರಾಸಿನ ವೈದ್ಯಾಧಿಕಾರಿ ಜಾರ್ಜ್ ಬಿಡಿ ಬರೆದ ವರದಿಯು 1869ರಲ್ಲಿ ಪ್ರಕಟವಾಯಿತು. ನೆರಳನ್ನು ಕಳೆದುದೇ ಹುಳುವಿಗೆ ಅನುಕೂಲವಾಯಿತೆಂದೂ ನೆರಳನ್ನು ಮರಳಿ ಬೆಳೆಸಬೇಕೆಂದೂ ಅದರ ಸಾರ. ಆ ಹುಳು ಬಿಸಿಲು ಬೀಳುವ ಕಾಂಡಗಳ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುವುದೆಂಬುದು ಇಂದಿಗೂ ಸಮ್ಮತವಾದ ಸಂಗತಿ. ಆದಕಾರಣ ಬಿಡಿಯ ನಿರ್ಣಯವನ್ನು ನಾವು ಗೌರವಿಸುತ್ತೇವೆ.

ಆದರೆ ಈ ನಿರ್ಣಯವು ಮರದ ಮೇಲ್ಭಾಗವನ್ನು ಕುರಿತದ್ದು. ಬೇರಿನ ವಿಷಯವನ್ನು ಅಂದು ಯಾರೂ ಬಲ್ಲವರಾಗಿರಲಿಲ್ಲ. ದ್ವಿದಳ ಜಾತಿಯ ಗಿಡಗಳು ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಪಡೆಯುತ್ತವೆಂದು ಹೆಲ್‌ರೀಗೆಲ್ ಸಾರಿದ್ದು 1886ರಲ್ಲಿ. ಆ ಗಂಟುಗಳೊಳಗಿನ ಬ್ಯಾಕ್ಟೀರಿಯವನ್ನು ಬೈಯರಿಂಕ್ ಬೇರ್ಪಡಿಸಿ ಬೆಳೆಸಿದ್ದು 1888ರಲ್ಲಿ. 1869ರ ಲೇಖಕನನ್ನು 1888ರ ಅರಿವಿನಿಂದ ಅಳೆಯುವುದು ಚರಿತ್ರಕಾರನಿಗೆ ತಕ್ಕದ್ದಲ್ಲ. ಆದರೆ ಬಿಡಿಯ ಕಾಲದ ಮಿತಿಯನ್ನು ನಮ್ಮ ಕಾಲಕ್ಕೂ ಹೊತ್ತು ತರುವುದು ಅಷ್ಟೇ ಅನುಚಿತ.

ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಹಾಲುವಾಣವು ದ್ವಿದಳ ಜಾತಿಯ ಮರ. ಇಂತಹ ಗಿಡಮರಗಳ ಬೇರುಗಳು ಮಣ್ಣಿಗೆ ಕೆಲವು ರಸಾಯನಗಳನ್ನು ಒಸರುತ್ತವೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯವು ತನ್ನದೊಂದು ರಸಾಯನದಿಂದ ಪ್ರತಿಸಂಕೇತ ನೀಡುತ್ತದೆ. ಆಗ ಬೇರು ಗಂಟನ್ನು ಕಟ್ಟಿ ಅದಕ್ಕೆ ಆಶ್ರಯ ಕೊಡುತ್ತದೆ. ಎಲೆಗಳಲ್ಲಿ ತಯಾರಾದ ಆಹಾರದ ಒಂದು ಪಾಲು ಬ್ಯಾಕ್ಟೀರಿಯಕ್ಕೆ, ಬ್ಯಾಕ್ಟೀರಿಯವು ಹಿಡಿದಿಟ್ಟ ಸಾರಜನಕ ಗಿಡಕ್ಕೆ ಸಲ್ಲುತ್ತವೆ. ಒಂದರ ಬೆಳವಣಿಗೆ ಇನ್ನೊಂದನ್ನು ಅವಲಂಬಿಸಿದೆ. ಮಣ್ಣಿಗೆ ಸಾರಜನಕದ ಗೊಬ್ಬರವನ್ನು ಹೇರಳವಾಗಿ ಸುರಿದರೆ ಗಿಡವು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಮರಗಸಿಯಲ್ಲಿ ಸವರಿದ ಹಾಲುವಾಣದ ಸೊಪ್ಪು ಉದುರಿ ಕೊಳೆತಾಗ ಈ ಸಾರಜನಕವು ಕಾಫಿಗೂ ಲಭಿಸುತ್ತದೆ.

ಇದು ಕೇವಲ ಸಸ್ಯಶಾಸ್ತ್ರದ ವಿಷಯವೆಂದು ಕೆಲವರು ಆಕ್ಷೇಪಿಸಬಹುದು. ನಮ್ಮ ಅಭಿಪ್ರಾಯ ಬೇರೆ. ಚರಿತ್ರೆಯು ನೆರಳೊಂದನ್ನೇ ಹೇಳಿದರೆ ನೆರಳು ಕೊಡುವ ಮರಗಳೆಲ್ಲವೂ ಸಮಾನವಾಗಿ ತೋರುತ್ತವೆ. ಇಂದು ಕೊಡಗಿನ ಅನೇಕ ತೋಟಗಳಲ್ಲಿ ಹಳೆಯ ಮರಗಳ ಸ್ಥಾನವನ್ನು ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಆಕ್ರಮಿಸಿದೆ. ಅದು ನೆಟ್ಟಗೆ, ಶೀಘ್ರವಾಗಿ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಮಾರಾಟಕ್ಕೂ ಒದಗುತ್ತದೆ. ಮಣ್ಣಿನ ರಂಜಕವನ್ನು ಕರಗಿಸಿಕೊಳ್ಳುವ ಶಕ್ತಿ ಅದರ ಬೇರುಗಳಿಗೂ ಇದೆ. ಆದರೆ ಅದರಲ್ಲಿ ಸಾರಜನಕದ ಗಂಟುಗಳಿಲ್ಲ. ಈ ವ್ಯತ್ಯಾಸವನ್ನು ಮುಚ್ಚಿದ ಚರಿತ್ರೆಯು ತಿಳಿದೋ ತಿಳಿಯದೆಯೋ ಒಂದು ತಪ್ಪು ಎಣಿಕೆಗೆ ಸಾಕ್ಷಿ ನುಡಿದಂತಾಗುತ್ತದೆ.

ಹಾಗೆಂದು ತೋಟಗಳ ಏಳುಬೀಳುಗಳಿಗೆಲ್ಲ ಬ್ಯಾಕ್ಟೀರಿಯವೇ ಕಾರಣವೆಂದು ಹೇಳುವುದು ಅತಿವಾದ. ಕಾಂಡಕೊರಕವನ್ನು ಬೇರಿನ ಗಂಟು ತಡೆಯಲಾರದು. ಬೆಲೆಯ ಕುಸಿತವನ್ನು ಯಾವ ಮಣ್ಣೂ ತಪ್ಪಿಸಲಾರದು. ನಾವು ಬಯಸುವುದು ಇಷ್ಟೇ: ಹಳೆಯ ಕಡತದಲ್ಲಿ ‘ನೆರಳು’ ಎಂಬ ಮಾತು ಕಂಡಾಗ ಅದು ಯಾವ ಮರದ ನೆರಳೆಂದು ವಿದ್ಯಾರ್ಥಿಯು ಕೇಳಬೇಕು. ರಾಗಿಯ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿ ಸಾಲಾಗಿ ಬಿತ್ತಿದ ಬಯಲುಸೀಮೆಯ ಒಕ್ಕಲಿಗರು ಗಂಟಿನ ರಹಸ್ಯವನ್ನು ಅರಿಯದಿದ್ದರೂ ಅದರ ಫಲವನ್ನು ಅನುಭವಿಸಿದವರು. ಆ ರಹಸ್ಯವನ್ನು ಅರಿತಿರುವ ನಾವು ಅದನ್ನು ಚರಿತ್ರೆಯಿಂದ ಹೊರಗಿಡುವುದಕ್ಕೆ ಸಮರ್ಥನೆಯಿಲ್ಲ.